ಕೆಂಪು ದೀಪ ಹತ್ತಿದರೆ ಮೊದಲು ಎಂಜಿನ್ ನಿಲ್ಲಿಸಿ

ಆಳುಗಳು ಸಿಗದ ಈ ದಿನಗಳಲ್ಲಿ ಸಣ್ಣ ಟ್ರ್ಯಾಕ್ಟರು ನಮ್ಮ ತೋಟಗಳ ಬಲಗೈಯಾಗಿದೆ. ಗೊಬ್ಬರ ಸಾಗಿಸಲು, ಅಡಿಕೆ ಕೊನೆ ಮತ್ತು ಕಾಫಿ ಹಣ್ಣು ಹೇರಲು, ಬೋರ್ಡೊ ಹೊಡೆಯಲು ಅದನ್ನೇ ನಂಬಿದ್ದೇವೆ. ಆದರೆ ಅದರ ಎಂಜಿನ್ ಆಯಿಲಿನ ಒತ್ತಡ ಕುಸಿದಾಗ ನಮ್ಮಲ್ಲಿ ಅನೇಕರು ನಡೆದುಕೊಳ್ಳುವ ರೀತಿ ಸರಿಯಾಗಿಲ್ಲ. ಕೆಲವರು "ಈ ಬ್ಯಾರಲ್ ಮುಗಿಯಲಿ, ಆಮೇಲೆ ನೋಡೋಣ" ಎಂದು ಓಡಿಸುತ್ತಾರೆ. ಮತ್ತೆ ಕೆಲವರು ಗಾಬರಿಯಾಗಿ ಮೆಕ್ಯಾನಿಕ್ ಹೇಳಿದ ಕೂಡಲೇ ಎಂಜಿನ್ ಬಿಚ್ಚಿಸುತ್ತಾರೆ. ಮೊದಲನೆಯ ದಾರಿಯಲ್ಲಿ ಎಂಜಿನ್ ಹೋಗುತ್ತದೆ, ಎರಡನೆಯದರಲ್ಲಿ ದುಡ್ಡು ಹೋಗುತ್ತದೆ.

ಚೇಂಬರಿನಲ್ಲಿರುವ ಆಯಿಲನ್ನು ಪಂಪು ಜಾಲರಿಯ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ಬೇರಿಂಗುಗಳಿಗೆ ಒತ್ತಿ ಕಳಿಸುತ್ತದೆ. ಅಲ್ಲಿ ನಿಲ್ಲುವ ತೆಳು ಪದರವೇ ಲೋಹಕ್ಕೆ ಲೋಹ ತಾಗದಂತೆ ಕಾಯುವುದು. ಆ ಪದರ ಹರಿದರೆ ಬೇರಿಂಗು ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು. ಹಲವು ಸಣ್ಣ ಡೀಸೆಲ್ ಎಂಜಿನುಗಳಲ್ಲಿ ಪೂರ್ಣ ವೇಗದಲ್ಲಿ ಚದರ ಸೆಂಟಿಮೀಟರಿಗೆ 2ರಿಂದ 4 ಕಿಲೋ, ನಿಧಾನ ಓಟದಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಒತ್ತಡ ಇರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ಒತ್ತಡ ತೀರ ಇಳಿದ ಮೇಲೆಯೇ ಕೆಂಪು ದೀಪ ಹತ್ತುವುದರಿಂದ ಅದು ಮೊದಲ ಎಚ್ಚರಿಕೆಯಲ್ಲ, ಕೊನೆಯದು.

ಆದ್ದರಿಂದ ಮೊದಲು ಎಂಜಿನ್ ನಿಲ್ಲಿಸಿ. ಅನಂತರ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಪರೀಕ್ಷೆಯ ಕಡೆಗೆ ಹೋಗಬೇಕು.

ಗಾಡಿ ಸಮತಟ್ಟು ನೆಲದಲ್ಲಿರಲಿ. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆಯಿದ್ದರೆ ಅದೇ ದರ್ಜೆಯದನ್ನು ತುಂಬಿ, ಎಲ್ಲಿ ಸೋರಿತೆಂದು ಹುಡುಕಿ. ಗುರುತಿಗಿಂತ ಮೇಲೇರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರಿ ಆಯಿಲ್ ನೀರಾಗಿದೆ ಎಂದರ್ಥ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಈ ಎರಡರಲ್ಲಿ ಯಾವುದಾದರೂ ಕಂಡರೆ ಕಾರಣ ಸಿಗುವ ತನಕ ಎಂಜಿನ್ ಚಾಲೂ ಮಾಡಬೇಡಿ.

ಆಯಿಲ್ ಸರಿಯಿದ್ದರೆ ವೈರನ್ನು ನೋಡಿ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಒತ್ತಡದ ಸ್ವಿಚ್ಚಿನ ವೈರ್ ಬಿಡಿಸಿ. ದೀಪ ಆರದಿದ್ದರೆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ. ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಯ ವೈರನ್ನು ಇಲಿ ಕಡಿಯುವುದು ನಮ್ಮಲ್ಲಿ ಹೊಸದೇನಲ್ಲ.

ದೀಪ ಆರಿದರೂ ಸ್ವಿಚ್ಚೇ ಕೆಟ್ಟಿರಬಹುದು. ಆಗ ಸ್ವಿಚ್ ತೆಗೆದು, ಅದರ ಜಾಗದಲ್ಲಿ ಒತ್ತಡ ಅಳೆಯುವ ಗೇಜ್ ಕೂರಿಸಿ, ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಒತ್ತಡ ಬರೆದುಕೊಳ್ಳಬೇಕು. ಚಾಲೂ ಮಾಡಿದ ಕೂಡಲೇ ಮುಳ್ಳು ಏಳದಿದ್ದರೆ ತಕ್ಷಣ ನಿಲ್ಲಿಸಿ. ತಣ್ಣಗಿರುವಾಗಲೂ ಕಡಿಮೆ ಇದ್ದರೆ ಫಿಲ್ಟರ್, ಒತ್ತಡ ಕಾಯುವ ವಾಲ್ವಿನಲ್ಲಿ ಸಿಕ್ಕ ಕಸ ಅಥವಾ ಸೋತ ಸ್ಪ್ರಿಂಗು, ಜಾಲರಿ, ಪಂಪು, ಈ ಕ್ರಮದಲ್ಲಿ ನೋಡಿಸಿ. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಇಳಿದರೆ ಆಯಿಲ್ ತೆಳುವಾಗಿರಬಹುದು, ರೇಡಿಯೇಟರಿಗೆ ಕಸ ಕಟ್ಟಿ ಎಂಜಿನ್ ಅತಿಯಾಗಿ ಕಾಯುತ್ತಿರಬಹುದು, ಇಲ್ಲವೇ ಬೇರಿಂಗು ಸವೆದಿರಬಹುದು. ಬೇರಿಂಗಿನ ಮಾತು ಬರಬೇಕಾದದ್ದು ಉಳಿದೆಲ್ಲವನ್ನೂ ನೋಡಿದ ಮೇಲೆ.

ನಮ್ಮ ಗುಡ್ಡದ ತೋಟಗಳಿಗೆ ಇನ್ನೊಂದು ಅಪಾಯವಿದೆ. ಬೋರ್ಡೊ ಹೊಡೆಯುವಾಗ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಎಚ್.ಟಿ.ಪಿ. ಪಂಪು ಜೋಡಿಸಿ, ಗಂಟೆಗಟ್ಟಲೆ ಓಡಿಸುತ್ತೇವೆ. ಗಾಡಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮಟ್ಟವೂ ಕಡಿಮೆಯಿದ್ದರೆ ಪಂಪು ಗಾಳಿ ಎಳೆಯುತ್ತದೆ. ಆಗ ಕೊನೆಗಾರ ಮರದ ಮೇಲೆ, ಪೈಪು ಹಿಡಿದವನು ತೋಟದೊಳಗೆ. ದೀಪ ಹತ್ತಿದರೆ ನೋಡುವವರು ಯಾರು? ಗಾಡಿಯನ್ನು ಮಟ್ಟ ಜಾಗದಲ್ಲಿ ನಿಲ್ಲಿಸಿ, ಅದರ ಹತ್ತಿರ ಒಬ್ಬರನ್ನು ಇರಿಸುವುದು ದುಂದುಗಾರಿಕೆಯಲ್ಲ.

ದೀಪ ಆರಲಿ ಎಂದು ದಪ್ಪ ಆಯಿಲ್ ಹಾಕಿಸುವ ಅಭ್ಯಾಸವನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಮುಳ್ಳು ಮೇಲೇರುತ್ತದೆ ನಿಜ, ಆದರೆ ರೋಗ ಒಳಗೇ ಉಳಿಯುತ್ತದೆ. ನಮ್ಮ ಚಳಿಗಾಲದ ಮುಂಜಾನೆ ಚಾಲೂ ಮಾಡಿದಾಗ ದಪ್ಪ ಆಯಿಲ್ ಬೇರಿಂಗು ತಲುಪುವುದೇ ತಡ.

ಇನ್ನು ಸಂಘದ ವಿಷಯ. ಒಂದು ಒತ್ತಡದ ಗೇಜನ್ನೂ, ಬೇರೆ ಬೇರೆ ಗಾಡಿಗಳ ಮರೆಗೆ ಹೊಂದುವ ಜೋಡಣೆಗಳನ್ನೂ ಸಂಘವೇ ಕೊಂಡು ಸದಸ್ಯರಿಗೆ ಸರದಿಯ ಮೇಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಗೊಬ್ಬರ ಮಾರುವ ಸಂಘಕ್ಕೆ ಟ್ರ್ಯಾಕ್ಟರಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಟ್ರ್ಯಾಕ್ಟರಿಗೆ ಸಾಲ ಕೊಟ್ಟಿರುವುದೂ ಸಂಘವೇ. ಕೊಯ್ಲಿನ ನಡುವೆ ಎಂಜಿನ್ ಕುಳಿತರೆ ಎರಡೆಕರೆಯ ಬೆಳೆಗಾರ ರಿಪೇರಿಗೂ ಕಂತಿಗೂ ಒಂದೇ ಬೆಳೆಯಿಂದ ಹಣ ಹೊಂದಿಸಬೇಕಾಗುತ್ತದೆ. ಗೇಜಿನ ಬೆಲೆ ಅದರ ಮುಂದೆ ಏನೂ ಅಲ್ಲ. ಗೇಜಿನ ಅಂಕಿ ಬರೆದ ಚೀಟಿ ಕೈಯಲ್ಲಿದ್ದರೆ, "ಎಂಜಿನ್ ಬೋರಿಗೆ ಬಂದಿದೆ" ಎನ್ನುವ ಮೆಕ್ಯಾನಿಕ್ಕಿನ ಎದುರು ಸದಸ್ಯನಿಗೂ ಒಂದು ಮಾತಿರುತ್ತದೆ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸುತ್ತೇನೆ. ಸದಸ್ಯ ಬಾಂಧವರು ಯೋಚಿಸಿ ಬರಬೇಕಾಗಿ ವಿನಂತಿ. ಅಲ್ಲಿಯ ತನಕ ಪ್ರತಿ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ.