ಮುಂಬೈನಿಂದ ಕ್ಯಾರವಾನ್ ಪ್ರವಾಸ: ಗಾಡಿ ಸಿಗುತ್ತದೆ, ರಾತ್ರಿ ನಿಲ್ಲಿಸಲು ಜಾಗ ಎಲ್ಲಿದೆ?

ಮುಂಬೈಗೆ ಕ್ಯಾರವಾನ್ ಹೊಸದೇನಲ್ಲ. ಗೋರೆಗಾಂವ್ ಫಿಲ್ಮ್ ಸಿಟಿ, ಮಢ್ ಐಲ್ಯಾಂಡ್, ಅಂಧೇರಿ ಸ್ಟುಡಿಯೋಗಳ ಮುಂದೆ ಸಾಲಾಗಿ ನಿಲ್ಲುವ ವ್ಯಾನಿಟಿ ವ್ಯಾನ್‌ಗಳನ್ನು ನೋಡದವರು ಇಲ್ಲಿ ಕಡಿಮೆ. ಒಳಗೆ ಸೋಫಾ, ಎಸಿ, ಶೌಚಾಲಯ ಎಲ್ಲ ಇರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಇಂಥ ಕೆಲವು ವ್ಯಾನ್‌ಗಳನ್ನು ಬೀದಿಯಲ್ಲಿ ಕರ್ತವ್ಯದಲ್ಲಿದ್ದ ಮುಂಬೈ ಪೊಲೀಸರಿಗೆ ಕೊಡಲಾಗಿತ್ತು. ಹೆಚ್ಚು ಅನುಕೂಲವಾಗಿದ್ದು ಮಹಿಳಾ ಸಿಬ್ಬಂದಿಗೆ. ಚಕ್ರದ ಮೇಲಿನ ಮನೆಯಲ್ಲಿ ಹಾಸಿಗೆಗಿಂತ ಶೌಚಾಲಯ ಮುಖ್ಯ ಎಂಬುದು ನಗರಕ್ಕೆ ಆಗಲೇ ಗೊತ್ತಾಗಿತ್ತು.

ಮರುವರ್ಷ, ಅಂದರೆ 2021ರಲ್ಲಿ, ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ತಂದಿತು. ಆಗ ಆದಿತ್ಯ ಠಾಕ್ರೆ ಪ್ರವಾಸೋದ್ಯಮ ಸಚಿವರಾಗಿದ್ದರು. ಹೋಟೆಲ್ ಇಲ್ಲದ ಅಥವಾ ಶಾಶ್ವತ ಕಟ್ಟಡಕ್ಕೆ ಅವಕಾಶವಿಲ್ಲದ ದೂರದ ಊರುಗಳಿಗೂ ಪ್ರವಾಸಿಗರು ಹೋಗುವಂತಾಗಬೇಕು ಎಂಬುದು ಲೆಕ್ಕಾಚಾರ. ಖಾಸಗಿ ಜಮೀನು ಅಥವಾ ಎಂಟಿಡಿಸಿ ಜಾಗದಲ್ಲಿ ಕ್ಯಾರವಾನ್ ಪಾರ್ಕ್ ಮಾಡುವವರಿಗೆ ತೆರಿಗೆ ರಿಯಾಯಿತಿಯ ಆಸೆಯನ್ನೂ ತೋರಿಸಲಾಯಿತು. ಅದಕ್ಕೂ ಮೊದಲು, 2020ರಲ್ಲಿ, ಕರ್ನಾಟಕದಲ್ಲಿ ಖಾಸಗಿ ಸಂಸ್ಥೆಯ ಕ್ಯಾರವಾನ್‌ಗಳು ರಸ್ತೆಗಿಳಿದಿದ್ದವು. ಕೇರಳ 2021ರ ಸೆಪ್ಟೆಂಬರ್‌ನಲ್ಲಿ ತನ್ನ ನೀತಿ ಪ್ರಕಟಿಸಿ, 2022ರ ಫೆಬ್ರವರಿಯಲ್ಲಿ ವಾಗಮಣ್‌ನಲ್ಲಿ ಮೊದಲ ಪಾರ್ಕ್ ತೆರೆಯಿತು. ಅದೇ ವರ್ಷ ಮಹೀಂದ್ರಾ ಕಂಪನಿ ಬೊಲೆರೊ ಆಧಾರಿತ ಕ್ಯಾಂಪರ್ ತಯಾರಿಸಲು ಒಪ್ಪಂದ ಮಾಡಿಕೊಂಡಿತು.

ಹೀಗೆ ಗಾಡಿಯ ಚಿಂತೆ ಬಹುಮಟ್ಟಿಗೆ ಮುಗಿದಿದೆ. ಮುಗಿಯದೇ ಉಳಿದಿರುವುದು ನಿಲ್ಲಿಸುವ ಜಾಗದ ಚಿಂತೆ.

ವಡಕರದ ಪಾಠ

ಇದು ಬರೀ ಅನುಕೂಲ, ಅನನುಕೂಲದ ಮಾತಲ್ಲ. 2024ರ ಡಿಸೆಂಬರ್ 23ರಂದು ಕೇರಳದ ವಡಕರದಲ್ಲಿ ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಅವರು ಪ್ರವಾಸಿಗರಲ್ಲ. ಒಬ್ಬರು ಅದೇ ಗಾಡಿಯ ಚಾಲಕ, ಇನ್ನೊಬ್ಬರು ಸಹೋದ್ಯೋಗಿ. ಪ್ರಯಾಣಿಕರನ್ನು ಇಳಿಸಿ ವಾಪಸ್ ಬರುವಾಗ ರಸ್ತೆ ಬದಿ ನಿಲ್ಲಿಸಿ, ಜನರೇಟರ್ ಹಾಕಿ ಎಸಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಗಾಡಿಯೊಳಗೆ ಸೇರಿದ್ದೇ ಸಾವಿಗೆ ಕಾರಣ ಎಂದು ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯಿತು.

ಪಾರ್ಕ್‌ನಲ್ಲಿ ಕರೆಂಟ್ ಸಂಪರ್ಕ ಇದ್ದರೆ ಜನರೇಟರ್ ಹಾಕುವ ಅಗತ್ಯವೇ ಬರುವುದಿಲ್ಲ. ನಮ್ಮಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳು ಸಾಮಾನ್ಯವಾಗಿ ಚಾಲಕನ ಸಮೇತವೇ ಬರುತ್ತವೆ. ಕುಟುಂಬ ಗಾಡಿಯೊಳಗೆ ಮಲಗಿದರೆ ಚಾಲಕ ಎಲ್ಲಿ ಮಲಗಬೇಕು? ಜಾಹೀರಾತುಗಳಲ್ಲಿ ಈ ಪ್ರಶ್ನೆ ಕಾಣಿಸುವುದಿಲ್ಲ. ತಮಿಳುನಾಡು 2023ರಲ್ಲಿ ಹೋಟೆಲ್, ಲಾಡ್ಜ್‌ಗಳು ಪ್ರವಾಸಿಗರ ಚಾಲಕರಿಗೆ ಮಲಗುವ ಜಾಗ, ಶೌಚಾಲಯ ಕೊಡಲೇಬೇಕು ಎಂದು ಕಟ್ಟಡ ನಿಯಮ ತಿದ್ದಿತು. ಕ್ಯಾರವಾನ್ ಹೋಗುವುದೇ ಹೋಟೆಲ್ ಇಲ್ಲದ ಊರಿಗೆ, ಹಾಗಾಗಿ ಅಂಥ ನಿಯಮವೂ ಅಲ್ಲಿ ಉಪಯೋಗಕ್ಕೆ ಬಾರದು.

ಸಮೃದ್ಧಿ ರಸ್ತೆ, ದೂರ ಉಳಿದ ಊರು

ಮುಂಬೈನಿಂದ ದೂರದ ಊರುಗಳಿಗೆ ಹೊರಡುವವರಿಗೆ ಈಗ ಮೊದಲು ನೆನಪಾಗುವುದು ಸಮೃದ್ಧಿ ಮಹಾಮಾರ್ಗ. ಭಿವಂಡಿ ಬಳಿಯ ಆಮಣೆಯಿಂದ ನಾಗಪುರದವರೆಗೆ 701 ಕಿ.ಮೀ. ಕೊನೆಯ 76 ಕಿ.ಮೀ. ಭಾಗ 2025ರ ಜೂನ್ 5ರಂದು ಸಂಚಾರಕ್ಕೆ ತೆರೆಯಿತು. ಲೋಣಾರ್‌ನ ಉಲ್ಕಾ ಸರೋವರದಂಥ ಜಾಗಗಳು ಇದರಿಂದ ಹತ್ತಿರವಾಗಿವೆ. ಆದರೆ ಈ ರಸ್ತೆ ಯಾವ ಊರಿನ ಪೇಟೆಯೊಳಗೂ ಹೋಗುವುದಿಲ್ಲ. ಇಂಟರ್‌ಚೇಂಜ್‌ನಲ್ಲಿ ಇಳಿಯದಿದ್ದರೆ ವಿದರ್ಭ, ಮರಾಠವಾಡದ ಊರುಗಳು ಕಿಟಕಿಯಾಚೆಯ ಚಿತ್ರವಷ್ಟೇ. 2023ರ ಜುಲೈ 1ರಂದು ಸಿಂದಖೇಡ್ ರಾಜಾ ಬಳಿ ಬಸ್ ಹೊತ್ತಿ 25 ಮಂದಿ ಸತ್ತ ನಂತರ ವಿಶ್ರಾಂತಿ ತಾಣಗಳ ಕೊರತೆ ದೊಡ್ಡ ಚರ್ಚೆಯಾಗಿತ್ತು.

ಕನ್ನಡಿಗರಿಗೆ ಹತ್ತಿರದ ದಾರಿ ಇನ್ನೊಂದಿದೆ. ಕೊಂಕಣದ ಗುಹಾಗರದಿಂದ ಚಿಪಳೂಣ್, ಕರಾಡ್, ಜತ್ ಹಾದು ವಿಜಯಪುರ ಸೇರುವ ರಾಷ್ಟ್ರೀಯ ಹೆದ್ದಾರಿ 166ಇ. ಕಡಲಿನಿಂದ ಗೋಳಗುಮ್ಮಟದವರೆಗೆ ಇಷ್ಟೊಂದು ಬಣ್ಣ ಬದಲಿಸುವ ರಸ್ತೆ ಬೇರೆ ಹುಡುಕಬೇಕು. ಈ ದಾರಿಯಲ್ಲಿ ಬರುವ ಸಾಂಗಲಿ ಜಿಲ್ಲೆಯ ಜತ್ ತಾಲೂಕಿನ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಇಲ್ಲಿನ 40 ಹಳ್ಳಿಗಳು ನೀರಿಲ್ಲವೆಂದು ಬೇಸತ್ತು 2012ರಲ್ಲಿ ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿದ್ದವು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ಎಷ್ಟು ಗದ್ದಲವಾಯಿತು ಎಂಬುದು ಓದುಗರಿಗೆ ಗೊತ್ತೇ ಇದೆ.

ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿಗೆ ಕ್ಯಾರವಾನ್ ಬಂದು ಟ್ಯಾಂಕ್ ತುಂಬಿಸಿಕೊಂಡು, ಬೆಳಗ್ಗೆ ಕೊಳಚೆಯನ್ನು ಚರಂಡಿಗೆ ಬಿಟ್ಟು ಹೋದರೆ ಆ ಊರಿಗೆ ಬಂದ ಲಾಭವೇನು? ಕಿರಾಣಿ, ಹಾಲು ಎಲ್ಲವನ್ನೂ ಮುಂಬೈನಲ್ಲೇ ತುಂಬಿಕೊಂಡು ಬರುವ ಗಾಡಿಯಿಂದ ಸ್ಥಳೀಯ ಅಂಗಡಿಗೆ ವ್ಯಾಪಾರವೂ ಆಗದು.

ಆಸ್ಟ್ರೇಲಿಯಾದ ಒಳನಾಡಿನ ಸಣ್ಣ ಪಟ್ಟಣಗಳು ಈ ಲೆಕ್ಕವನ್ನು ಬೇರೆ ರೀತಿ ಮಾಡಿವೆ. ಊರಿನ ಪ್ರದರ್ಶನ ಮೈದಾನದಲ್ಲಿ ಕಡಿಮೆ ಶುಲ್ಕಕ್ಕೆ ರಾತ್ರಿ ತಂಗಲು ಬಿಡುತ್ತವೆ. ಶೌಚದ ಟ್ಯಾಂಕ್ ಖಾಲಿ ಮಾಡಲು ಒಳಚರಂಡಿಗೆ ಜೋಡಿಸಿದ ಜಾಗ ಕಟ್ಟಿಸುತ್ತವೆ. ನೀರು, ಪೇಟೆಗೆ ಹತ್ತಿರದಲ್ಲಿ ನಿಲುಗಡೆ ಮುಂತಾದ ಸೌಲಭ್ಯವಿರುವ ಪಟ್ಟಣಗಳಿಗೆ ಅಲ್ಲಿನ ಕ್ಯಾಂಪರ್‌ವಾನ್ ಮಾಲೀಕರ ಕ್ಲಬ್ ‘ಸ್ನೇಹಿ ಪಟ್ಟಣ’ ಎಂಬ ಮಾನ್ಯತೆ ಕೊಡುತ್ತದೆ. ಗಾಡಿ ಒಂದು ರಾತ್ರಿ ನಿಂತರೆ ಡೀಸೆಲ್, ಬ್ರೆಡ್, ಮಾಂಸ ಅಲ್ಲೇ ಖರೀದಿಯಾಗುತ್ತದೆ. ಅಲ್ಲಿ ಇದು ಪುರಸಭೆಗಳು ಮಾಡುವ ಕೆಲಸ. ನಮ್ಮ ನೀತಿಯಲ್ಲಿ ಮುನ್ನೆಲೆಯಲ್ಲಿರುವುದು ಹೂಡಿಕೆದಾರ. ಲೋಣಾವಳದಲ್ಲಿ ಹಣ ಹಾಕುವ ಹೂಡಿಕೆದಾರ ಜತ್‌ನಲ್ಲಿ ಯಾಕೆ ಹಾಕುತ್ತಾನೆ?

ಎಸ್‌ಟಿ ಡಿಪೊ ಯಾಕಾಗಬಾರದು?

ಹೊಸ ಪಾರ್ಕ್‌ಗೆ ಕಾಯುವ ಬದಲು ಇರುವ ಜಾಗವನ್ನೇ ನೋಡಬಹುದು. ಜತ್, ಅಕ್ಕಲಕೋಟ, ಲೋಣಾರ್ ಹತ್ತಿರದ ಮೇಹಕರ್, ಮೂರೂ ಕಡೆ ಎಸ್‌ಟಿ ಡಿಪೊ ಇದೆ. ರಾಜ್ಯದುದ್ದಕ್ಕೂ ಇಂಥ ಡಿಪೊಗಳು ಸುಮಾರು 250. ಕರೆಂಟ್, ನೀರು, ಚಾಲಕರ ವಿಶ್ರಾಂತಿ ಕೊಠಡಿ, ಪೇಟೆಗೆ ನಡೆದು ಹೋಗುವ ದೂರ, ಎಲ್ಲವೂ ಅಲ್ಲಿದೆ. ಎರಡು ಮೂರು ಕ್ಯಾರವಾನ್‌ಗೆ ಶುಲ್ಕ ಪಡೆದು ಜಾಗ ಕೊಟ್ಟರೆ ನಷ್ಟದ ಮಾತಾಡುತ್ತಲೇ ಇರುವ ಸಾರಿಗೆ ನಿಗಮಕ್ಕೂ ನಾಲ್ಕು ಕಾಸು. ನಿಗಮ ತನ್ನ ಜಮೀನನ್ನು ದೀರ್ಘಾವಧಿ ಗುತ್ತಿಗೆಗೆ ಕೊಡಲು ಓಡಾಡುತ್ತಿರುವಾಗ, ಇಷ್ಟು ಜಾಗವನ್ನು ಎತ್ತಿಡುವುದು ಕಷ್ಟವಲ್ಲ.

ಆದರೆ ಡಿಪೊ ಅಂದಾಕ್ಷಣ ಸುರಕ್ಷಿತ ಎಂದು ಹೇಳುವಂತಿಲ್ಲ. 2025ರ ಫೆಬ್ರವರಿಯಲ್ಲಿ ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನೊಳಗೆ ಯುವತಿ ಮೇಲೆ ಅತ್ಯಾಚಾರ ನಡೆದ ಆರೋಪದ ನಂತರ ಅಲ್ಲಿನ ಕಾವಲು ವ್ಯವಸ್ಥೆ ಬಗ್ಗೆ ಕೇಳಿಬಂದ ಮಾತುಗಳು ಇನ್ನೂ ಹಸಿಯಾಗಿವೆ. ದೀಪ, ಕ್ಯಾಮೆರಾ, ರಾತ್ರಿ ಕಾವಲು ಇಲ್ಲದೆ ಯಾವ ಕುಟುಂಬವೂ ಅಲ್ಲಿ ಗಾಡಿ ನಿಲ್ಲಿಸದು. ಅದು ಸರಿಯಾದರೆ ಮೊದಲ ಲಾಭ ರಾತ್ರಿ ಬಸ್ಸಿಗೆ ಕಾಯುವ ಊರಿನ ಹೆಣ್ಣುಮಕ್ಕಳಿಗೆ.

ಇನ್ನು ಶೌಚದ ಟ್ಯಾಂಕ್. ಸುರಕ್ಷಾ ಸಾಧನವಿಲ್ಲದೆ ಮನುಷ್ಯರಿಂದ ಮಲದ ಗುಂಡಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಪೈಪ್ ಜೋಡಿಸಿ ಸೀದಾ ಒಳಚರಂಡಿಗೆ ಅಥವಾ ಹೀರುವ ಯಂತ್ರಕ್ಕೆ ಹೋಗುವ ವ್ಯವಸ್ಥೆ ಇಲ್ಲದಿದ್ದರೆ ಆ ಕೆಲಸ ಯಾರ ಕೈಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪಾರ್ಕ್ ನೋಂದಣಿಗೆ ಇದನ್ನು ಮೊದಲ ಷರತ್ತು ಮಾಡಬೇಕು. ಸ್ವಿಮ್ಮಿಂಗ್ ಪೂಲ್ ಆಮೇಲೆ ನೋಡಿಕೊಳ್ಳಬಹುದು.

ಮುಂಬೈನಲ್ಲೇ ಕ್ಯಾರವಾನ್ ಕೊಳ್ಳುವ ಆಸೆ ಇರುವವರಿಗೆ ಇನ್ನೊಂದು ತೊಡಕು ಕಾದಿದೆ. ಪಾರ್ಕಿಂಗ್ ಜಾಗದ ಪ್ರಮಾಣಪತ್ರ ಇಲ್ಲದೆ ಹೊಸ ಕಾರು ನೋಂದಣಿ ಮಾಡುವುದಿಲ್ಲ ಎಂದು ಸಾರಿಗೆ ಸಚಿವ ಪ್ರತಾಪ್ ಸರನಾಯಕ್ 2025ರಲ್ಲಿ ಹೇಳಿದ್ದರು. ಬೊರಿವಲಿ, ಡೊಂಬಿವಲಿಯ ಸೊಸೈಟಿಗಳಲ್ಲಿ ಸ್ಕೂಟರ್ ಜಾಗಕ್ಕೇ ಸಭೆ ಕರೆದು ಜಗಳವಾಡುವಾಗ ಮನೆಯಷ್ಟು ಉದ್ದದ ಗಾಡಿಗೆ ಕಾರ್ಯದರ್ಶಿ ಏನು ಹೇಳಬಹುದು ಎಂದು ಊಹಿಸಿಕೊಳ್ಳಿ. ಸದ್ಯಕ್ಕೆ ಬಾಡಿಗೆ ಗಾಡಿಯೇ ದಾರಿ. ಬುಕ್ ಮಾಡುವಾಗ ದರದ ಜೊತೆ ಮೂರು ಪ್ರಶ್ನೆ ಕೇಳಿ: ರಾತ್ರಿ ಕರೆಂಟ್ ಎಲ್ಲಿಂದ, ಕೊಳಚೆ ಎಲ್ಲಿಗೆ, ಚಾಲಕ ಮಲಗುವುದು ಎಲ್ಲಿ?