ಕುಮುದ್ವತಿಗೂ ದಂಡಾವತಿಗೂ ನಮ್ಮ ಕೊಳಚೆ ಬೇಡ

ಶಿಕಾರಿಪುರದ, ಸೊರಬದ ಬಂಧುಗಳೇ,

ನಿಮ್ಮ ಬಚ್ಚಲಿನಿಂದ, ಪಾಯಿಖಾನೆಯಿಂದ ಹೊರಟ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂದು ದಯವಿಟ್ಟು ಒಮ್ಮೆ ವಿಚಾರಿಸಿ. ಶಿಕಾರಿಪುರದ ಇಳಿಜಾರಿನ ನೀರು ಕುಮುದ್ವತಿಗೆ ಬಿದ್ದು ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಮುಟ್ಟುತ್ತದೆ. ಸೊರಬದ್ದು ದಂಡಾವತಿಯ ದಾರಿಯಲ್ಲಿ ವರದೆಗೆ ಹೋಗುತ್ತದೆ. ಹೊಳೆಯ ಕೆಳಗಡೆಯ ಊರಿನವರೂ ನಮ್ಮವರೇ.

ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು, ಬೆಂಕಿಯೂ ಹತ್ತಿಕೊಂಡದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅದೇ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧೀಕರಿಸಿಯೇ ಬಿಡಬೇಕೆಂಬ ಅಲ್ಲಿನ ರೈತರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಶುದ್ಧೀಕರಣ ಘಟಕದಲ್ಲಿ ನಡೆಯುವುದು ಮಾಯ–ಮಂತ್ರವಲ್ಲ. ಕೊಳಚೆಯಲ್ಲಿ ನೂರಕ್ಕೆ 99 ಪಾಲಿಗೂ ಹೆಚ್ಚು ಬರೀ ನೀರು. ಮೊದಲು ಕಬ್ಬಿಣದ ಸರಳುಗಳ ಜಾಲರಿ. ಡೈಪರ್, ಪ್ಯಾಡ್, ಶಾಂಪೂ ಪೊಟ್ಟಣ, ಕೂದಲಿನ ಉಂಡೆ, ಎಲ್ಲವೂ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ಕೆಳಗಿಳಿಯುತ್ತದೆ. ನಿಜವಾದ ಕೆಲಸ ನಡೆಯುವುದು ಗಾಳಿ ಊದುವ ತೊಟ್ಟಿಯಲ್ಲಿ. ಗಾಳಿ ಸಿಕ್ಕಿದ ಸೂಕ್ಷ್ಮಜೀವಿಗಳು ಗಂಟೆಗಟ್ಟಲೆ ಹೊಲಸನ್ನು ತಿಂದು ಬೆಳೆಯುತ್ತವೆ. ಮುಂದಿನ ತೊಟ್ಟಿಯಲ್ಲಿ ಅವು ಕೆಸರಾಗಿ ತಳಕ್ಕಿಳಿದರೆ ಮೇಲೆ ತಿಳಿನೀರು ಉಳಿಯುತ್ತದೆ. ಆ ಕೆಸರಿನ ಒಂದು ಪಾಲನ್ನು, ಹಾಲಿಗೆ ಹೆಪ್ಪು ಹಾಕಿದಂತೆ, ಮತ್ತೆ ಹಿಂದಿನ ತೊಟ್ಟಿಗೆ ಬಿಡುತ್ತಾರೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಂಡುಕೊಂಡ ಈ ವಿಧಾನವೇ ಇಂದಿಗೂ ದೊಡ್ಡ ನಗರಗಳಲ್ಲಿ ನಡೆಯುತ್ತಿದೆ. ಘಟಕದ ಕೆಲಸಗಾರ ತೊಟ್ಟಿಯ ಕಂದು ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಇಡುತ್ತಾನೆ. ಕೆಸರು ಎಷ್ಟು ಇಳಿಯಿತು, ಮೇಲಿನ ನೀರು ಎಷ್ಟು ತಿಳಿಯಾಯಿತು ಎನ್ನುವುದರ ಮೇಲೆ ಆ ಜೀವಿಗಳ ಆರೋಗ್ಯ ಗೊತ್ತಾಗುತ್ತದೆ.

ಅವು ಸತ್ತರೆ ಎಷ್ಟು ಕೋಟಿಯ ಯಂತ್ರವಿದ್ದರೂ ಪ್ರಯೋಜನವಿಲ್ಲ. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ ಹೊಡೆದ ಮೇಲೆ ಡ್ರಮ್ಮು ತೊಳೆದ ನೀರನ್ನು ನಾವು ಎಲ್ಲಿ ಚೆಲ್ಲುತ್ತೇವೆ? ಮೈಲುತುತ್ತದಲ್ಲಿರುವ, ಶಿಲೀಂಧ್ರ ಕೊಲ್ಲುವ ತಾಮ್ರ ಈ ಜೀವಿಗಳನ್ನೂ ಕೊಲ್ಲುತ್ತದೆ. ಪಾಯಿಖಾನೆಗೆ ಸುರಿಯುವ ಆಸಿಡ್ಡೂ ಅಷ್ಟೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇನ್ನೊಂದು ಅಪಾಯವೂ ಇದೆ. ಒಳಚರಂಡಿ ಇರುವ ಬೀದಿಯಲ್ಲಿ ಮಾಡಿನ ನೀರನ್ನೂ ಅಂಗಳದ ನೀರನ್ನೂ ಅದಕ್ಕೇ ತಿರುಗಿಸಿದರೆ, ಆಷಾಢದ ಒಂದು ಜೋರು ಮಳೆಗೆ ಮ್ಯಾನ್‌ಹೋಲು ಉಕ್ಕುತ್ತದೆ, ಘಟಕದ ಜೀವಿಗಳೂ ಕೊಚ್ಚಿಹೋಗುತ್ತವೆ. ಮಳೆನೀರಿಗೆ ಚರಂಡಿಯಿದೆ, ಬಾವಿಯಿದೆ, ತೋಟವಿದೆ. ಅದನ್ನು ಅತ್ತ ಬಿಡಿ.

ಒಳಚರಂಡಿ ಇಲ್ಲದ ಮನೆಯವರು ಸೆಪ್ಟಿಕ್ ಟ್ಯಾಂಕಿನ ಹೊರಗೊಳವೆಯನ್ನು ರಸ್ತೆಯ ಚರಂಡಿಗೆ ಕೊಡಬೇಡಿ, ಇಂಗುಗುಂಡಿಗೆ ಕೊಡಿ. ಕುಡಿಯುವ ಬಾವಿಯಿಂದ ಇಂಗುಗುಂಡಿ ಆದಷ್ಟು ದೂರವಿರಲಿ. ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿಸಿ. ಸಕ್ಕಿಂಗ್ ಗಾಡಿಯವನಿಗೆ ದುಡ್ಡು ಕೊಡುವ ಮುಂಚೆ, ಇದನ್ನು ಎಲ್ಲಿ ಸುರಿಯುತ್ತೀಯಪ್ಪ ಎಂದು ಕೇಳಿ. ಹೊಳೆಗೋ ಕೆರೆಯ ಮೇಲುಭಾಗಕ್ಕೋ ಎಂದರೆ ಒಪ್ಪಬೇಡಿ. ದೇವನಹಳ್ಳಿಯಂಥ ಸಣ್ಣ ಪಟ್ಟಣದಲ್ಲಿ ಟ್ಯಾಂಕಿನ ಕೆಸರಿಗೆಂದೇ ಪ್ರತ್ಯೇಕ ಘಟಕ 2015ರಲ್ಲೇ ಆಗಿದೆ. ನಮ್ಮ ಪುರಸಭೆಗಳ ಮುಂದೆ ನಾವೂ ಲೆಕ್ಕ ಕೇಳೋಣ: ಎಷ್ಟು ಕೊಳಚೆ ಹುಟ್ಟುತ್ತಿದೆ, ಎಷ್ಟು ಶುದ್ಧವಾಗುತ್ತಿದೆ, ಹೊರಬಿಟ್ಟ ನೀರಿನ ತಿಂಗಳ ಪರೀಕ್ಷೆಯ ವರದಿ ಎಲ್ಲಿದೆ? ಆ ವರದಿಯನ್ನು ಕಚೇರಿಯ ಫಲಕದಲ್ಲಿ ಹಾಕಲಿ.

ಕೊನೆಯದಾಗಿ, ಕೈಮುಗಿದು ಕೇಳುತ್ತೇನೆ. ಗುಂಡಿ ಕಟ್ಟಿಕೊಂಡಿತೆಂದು ಯಾವ ಮನುಷ್ಯನನ್ನೂ ಒಳಗಿಳಿಸಬೇಡಿ. ಒಳಗಿನ ವಿಷಗಾಳಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ, ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು ಅಪರಾಧವೂ ಹೌದು. ಯಂತ್ರಕ್ಕಾಗಿ ಪುರಸಭೆಗೆ ಫೋನ್ ಮಾಡಿ, ಇಲ್ಲವೇ ಸಹಾಯವಾಣಿ 14420ಕ್ಕೆ ಕರೆ ಮಾಡಿ.