ಇನ್ನೊಂದು ಪಂಕಜ

ಯೋಗರೂಢ ಶಬ್ದಕ್ಕೆ ಉದಾಹರಣೆ ಹೇಳಬೇಕಾದಾಗ ಕನ್ನಡ ಅಧ್ಯಾಪಕರ ನಾಲಗೆಗೆ ಮೊದಲು ಬರುವುದು ‘ಪಂಕಜ’. ಅರ್ಥ ನೋಡಿದರೆ ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವೇ. ಆದರೂ ರೂಢಿ ಆ ಹೆಸರನ್ನು ತಾವರೆಯೊಂದಕ್ಕೇ ಮೀಸಲಿಟ್ಟಿದೆ. ಹಲವು ವರ್ಷಗಳಿಂದ ಈ ಪಾಠವನ್ನು ಒಪ್ಪಿಸುತ್ತ ಬಂದ ನನ್ನನ್ನು ಕುಮಟಾ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ: “ನಮ್ಮ ಅಳಿವೆಯ ಕೆಸರಿನಲ್ಲಿ ಸಣ್ಣ ಬಸವನಹುಳುಗಳು ಇರ್ತವೆ ಸರ್. ಅವೂ ಪಂಕಜ ಅಲ್ವಾ?” ತರಗತಿ ನಕ್ಕಿತು, ನಾನೂ ನಕ್ಕೆ. ಆ ನಗೆಗೆ ನಾಚಿ ಇದನ್ನು ಬರೆಯುತ್ತಿದ್ದೇನೆ.

ರಜೆಯಲ್ಲಿ ಅಘನಾಶಿನಿಯ ಅಳಿವೆಗೆ ಹೋಗಿ, ನೀರಿಳಿದ ಹೊತ್ತಿನಲ್ಲಿ ದಡದ ಮೇಲೆ ನಿಂತೆ. ಬರಿಯ ಕೆಸರೆಂದು ಕಂಡ ಬಯಲಿನ ತುಂಬ ಎಳೆಎಳೆಯಾಗಿ ಗೆರೆಗಳು. ಗೆರೆಯ ತುದಿಯಲ್ಲಿ ಗೋಪುರದಂತೆ ಸುರುಳಿ ಸುತ್ತಿದ, ಬೆರಳ ಗೆಣ್ಣಿನಷ್ಟು ಉದ್ದದ ಚಿಪ್ಪು. ಕಣ್ಣಿಗೆ ಕಾಣದ ಪಾಚಿಯನ್ನೂ ಕೊಳೆತ ಎಲೆಯ ಕಣಗಳನ್ನೂ ಮೇಯುತ್ತ ಅದು ಸಾಗುತ್ತಿತ್ತು. ಅದರ ಬಂಧುವೊಂದು ಕಾಂಡ್ಲಾ ಗಿಡಗಳ ಬೊಡ್ಡೆಯನ್ನು ಆಶ್ರಯಿಸಿದೆ: ಭರತ ಬಂದಂತೆ ಮೇಲೇರುತ್ತದೆ, ಬಿಸಿಲಿಗೆ ಚಿಪ್ಪಿನ ಬಾಗಿಲು ಮುಚ್ಚಿ, ತನ್ನ ಲೋಳೆಯಿಂದಲೇ ತೊಗಟೆಗೆ ಅಂಟಿಕೊಂಡು ಕಾಯುತ್ತದೆ. ಸತ್ತ ಮೇಲೂ ಚಿಪ್ಪು ವ್ಯರ್ಥವಾಗದು; ಸನ್ಯಾಸಿ ಏಡಿ ಬಂದು ಅದರಲ್ಲಿ ಬಿಡಾರ ಹೂಡುತ್ತದೆ. ಅದೇ ಕೆಸರಿನಲ್ಲಿ ಸೊಂಟದ ತನಕ ನೆನೆದ ಹೆಂಗಸರು ಬಳಚು ಆರಿಸುತ್ತಿದ್ದರು.

ಜೀವಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು: ಇವುಗಳ ಮರಿಗಳು ನೀರಿನಲ್ಲಿ ತೇಲಿಬಂದು ಆಮೇಲೆ ಇಲ್ಲಿ ನೆಲೆಸುತ್ತವೆ ಎಂದು. ಒಪ್ಪಿದೆ. ಕೆಸರು ಅವುಗಳ ತೌರಲ್ಲದಿರಬಹುದು, ಬಾಳುವ ಮನೆಯಂತೂ ಹೌದು.

ನಮ್ಮ ಕಾವ್ಯ ಕೆಸರನ್ನು ಮೀರಿ ಮೇಲೆದ್ದ ಹೂವನ್ನು ಹಾಡಿ ಹೊಗಳಿತು. ಕೆಸರಿನಲ್ಲಿದ್ದೇ ಬಾಳುವ ಜೀವವನ್ನು ಕಡೆಗಣಿಸಿತು. ಇದನ್ನು ಅಲಂಕಾರದ ಮಾತೆಂದು ಬಿಡುವಂತಿಲ್ಲ. ಕೆಸರೆಂದರೆ ಹೊಲಸು, ಪಾಳು ಎಂದೇ ನುಡಿ ಕಲಿಸಿದರೆ, ಅದರ ಮೇಲೆ ಮಣ್ಣು ಸುರಿಯುವ ಕೈಗೆ ಅಳುಕೆಲ್ಲಿಯದು? 4,801 ಹೆಕ್ಟೇರುಗಳ ಈ ಅಳಿವೆಯ ಹೆಸರು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಲೋಕದ ಕಡತ ಒಪ್ಪಿದ ಬೆಲೆಯನ್ನು ನಮ್ಮ ಪಾಠಪಟ್ಟಿ ಇನ್ನೂ ಒಪ್ಪಿಲ್ಲ.

ರೂಢಿಯನ್ನು ಮಾಡಿದವರು ಆಡುವ ಜನರೇ, ತಿದ್ದಬೇಕಾದವರೂ ಅವರೇ. ಬಳಚು ಆರಿಸುವ ತಾಯಂದಿರ ಬಾಯಲ್ಲಿ ಈ ಜೀವಿಗಳಿಗಿರುವ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳಲಿ. ಅದು ನಿಘಂಟಿನ ಕೆಲಸವೂ ಹೌದು, ಅಳಿವೆಯ ಕಾವಲೂ ಹೌದು. ಬರುವ ವರ್ಷ ‘ಪಂಕಜ’ದ ಪಾಠ ಬಂದಾಗ ತಾವರೆಯೊಡನೆ ಆ ಹುಡುಗನ ಪ್ರಶ್ನೆಯನ್ನೂ ಹೇಳುವೆನು. ತರಗತಿ ನಕ್ಕರೆ ನಗಲಿ, ನಾನು ನಗಲಾರೆ.